ಹದಿನೆಂಟು ತುಂಬುವ ತನಕ

ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಮೇಲಕ್ಕೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಟೈಲರ್ ಅಂಗಡಿ ಇದೆ. ಹೋದ ತಿಂಗಳು ಮೀಟಿಂಗಿಗೆಂದು ಹೋದಾಗ ನನ್ನ ಬ್ಯಾಗಿನ ಪಟ್ಟಿ ಕಿತ್ತು ಬಂತು. ಹೊಲಿಸಿಕೊಂಡು ಹೋಗೋಣವೆಂದು ಒಳಗೆ ಹೊಕ್ಕೆ. "ಕೂತ್ಕೊಳಿ ಅಕ್ಕ, ಮೆಷಿನ್ನಿಗೆ ಒಂಚೂರು ಎಣ್ಣೆ ಬಿಟ್ಟು ಹೊಲ್ಕೊಡ್ತೀನಿ" ಎಂದಳು ಅಂಗಡಿಯ ಹೆಂಗಸು. ಸಣ್ಣ ಮೂತಿಯ ಡಬ್ಬಿಯಿಂದ ನಾಲ್ಕು ತೊಟ್ಟು ಬಿಟ್ಟು ಚಕ್ರ ತಿರುಗಿಸಿದಳು. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ನನ್ನ ಅಂಗೈ ಒದ್ದೆಯಾಯಿತು. ಎದ್ದು ರಸ್ತೆಗೆ ಬಂದು ನಿಂತೆ.

"ಎಂತಾಯ್ತು ಅಕ್ಕ?"

"ಏನಿಲ್ಲ. ಸ್ವಲ್ಪ ಗಾಳಿ ಬೇಕಿತ್ತು."

ಎನ್.ಆರ್. ಪುರದ ಹತ್ತಿರದ ಒಂದು ಊರಿನಲ್ಲಿ ನಾನು ಅಂಗನವಾಡಿ ಟೀಚರ್. ಮೂವತ್ತು ದಾಟಿದೆ, ಇಬ್ಬರು ಮಕ್ಕಳ ತಾಯಿ. ಹಾವು ಕಂಡರೆ ಕೋಲು ಹುಡುಕುತ್ತೇನೆಯೇ ಹೊರತು ಕೂಗಿಕೊಂಡು ಓಡುವವಳಲ್ಲ. ಆದರೆ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಬಂದರೆ ಮಾತ್ರ ನಾನು ಹನ್ನೆರಡು ವರ್ಷದ ಗಿರಿಜೆ ಆಗಿಬಿಡುತ್ತೇನೆ. ಅದು ಒಂದು ದೀಪಾವಳಿಯಿಂದ ಶಿವರಾತ್ರಿಯ ತನಕದ ಕತೆ, ಒಂದು ಕಾಫಿ ಕೊಯ್ಲಿನ ಕಾಲದ್ದು. ಇಷ್ಟು ದಿನ ಇದನ್ನು ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ನಾವು ಇದ್ದದ್ದು ಕೊಪ್ಪದಿಂದ ಬಹಳ ಒಳಗೆ, ಒಂದು ಕಾಫಿ ತೋಟದ ಕೂಲಿ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ. ಅಜ್ಜ ಯಾವತ್ತೋ ಮಾಡಿದ ಸಾಲಕ್ಕೆ ಅಪ್ಪ ಆ ತೋಟದಲ್ಲಿ ಜೀತಕ್ಕಿದ್ದ. ಅಪ್ಪನ ಜೊತೆಗೆ ಅವ್ವ. ಅವರನ್ನು ಕಟ್ಟಿಹಾಕಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಬಿಟ್ಟು ಹೋಗುವಂತಿರಲಿಲ್ಲ, ಅಷ್ಟೇ. ಕೊಪ್ಪದ ಸಂತೆಗೆ ಹೋಗಬೇಕಾದರೂ ಅಯ್ಯನ ಹತ್ತಿರ ಕೇಳಬೇಕಿತ್ತು. ತೋಟದ ಯಜಮಾನರನ್ನು ನಾವೆಲ್ಲ ಅಯ್ಯ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಅಮ್ಮಾವರು. ಹತ್ತು ವರ್ಷ ತುಂಬಿದ ಮೇಲೆ ನನ್ನನ್ನು ಲೈನಿನಿಂದ ದೊಡ್ಡ ಮನೆಗೆ ಕರೆಸಿಕೊಂಡರು. ಪಾತ್ರೆ, ನೆಲ, ಬಟ್ಟೆ, ಕೊಟ್ಟಿಗೆ. ಮಲಗುವುದೂ ಅಲ್ಲೇ, ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯಲ್ಲಿ. ಅವ್ವನನ್ನು ನೋಡಲು ಭಾನುವಾರ ಸಂಜೆ ಬಿಡುತ್ತಿದ್ದರು.

ಅಯ್ಯ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನನ್ನನ್ನು "ಮಗಾ" ಎಂದೇ ಕರೆಯುತ್ತಿದ್ದರು. ಲೋಟ ಒಡೆದರೆ ಹತ್ತಿರ ಬಂದು ಬಗ್ಗಿ, "ಹೆದರ್ಬೇಡ ಮಗಾ" ಎನ್ನುತ್ತಿದ್ದರು. ಆಮೇಲೆ ಆ ಭಾನುವಾರ ನನ್ನನ್ನು ಲೈನಿಗೆ ಬಿಡುತ್ತಿರಲಿಲ್ಲ. ಹೀಗಾಗಿ ಅವರು ಹೆದರಬೇಡ ಅಂದಾಗಲೆಲ್ಲ ಈ ಭಾನುವಾರ ಹೋಯಿತು ಎಂದುಕೊಳ್ಳುತ್ತಿದ್ದೆ.

ದೀಪಾವಳಿಯ ಮುಂಚಿನ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಎರಡು ಸರ್ಕಾರಿ ಜೀಪು ತೋಟದೊಳಗೆ ಬಂದವು. ಇಲ್ಲಿ ಜೀತದಾಳುಗಳಿದ್ದಾರೆಂದು ಯಾರೋ ಅರ್ಜಿ ಕೊಟ್ಟಿದ್ದರಂತೆ. ನಾನು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅಮ್ಮಾವರು ಓಡಿ ಬಂದು, ಬೂದಿ ಮೆತ್ತಿದ್ದ ನನ್ನ ಕೈಯನ್ನು ಹಾಗೆಯೇ ಹಿಡಿದು ಎಳೆದುಕೊಂಡು ಹೋಗಿ ಸಾಮಾನು ಕೋಣೆಗೆ ತಳ್ಳಿದರು.

"ಪೊಲೀಸ್ನೋರು ಬಂದಿದಾರೆ. ಹೆಣ್ಣುಮಕ್ಕಳನ್ನ ಹೊತ್ಕೊಂಡು ಹೋಗಿ ಎಲ್ಲೆಲ್ಲೋ ಬಿಡ್ತಾರೆ. ಉಸಿರು ಬಿಟ್ಟೀಯ ಜೋಕೆ!"

ಹೊರಗಿನಿಂದ ಚಿಲಕ ಹಾಕಿದರು. ಅಕ್ಕಿ ಮೂಟೆಗಳ ನಡುವೆ ಕೂತೆ. ಲೈನಿನ ಕಡೆಯಿಂದ ಗಲಾಟೆ, ಯಾರೋ ಅಳುವುದು, ಯಾರೋ ಹೆಸರು ಓದುವುದು ಕೇಳುತ್ತಿತ್ತು. ಆಮೇಲೆ ಅವ್ವನ ದನಿ ಕೇಳಿಸಿತು. "ಗಿರಿಜಾ! ಏ ಗಿರಿಜಾ! ನನ್ ಮಗಳು ಮನೆಯೊಳಗಿದಾಳೆ ಸ್ವಾಮಿ, ಅವಳನ್ನೂ ಕರೀರಿ!" ಬಾಗಿಲಿನ ಬಿರುಕಿಗೆ ಬಾಯಿಟ್ಟು ಒಂದು ಸಲ "ಅವ್ವಾ" ಎಂದಿದ್ದರೆ ಸಾಕಿತ್ತು, ಅಷ್ಟು ಹತ್ತಿರದಲ್ಲಿದ್ದಳು. ನಾನು ಅನ್ನಲಿಲ್ಲ. ಸೀರೆಯ ತುಂಡಿನಲ್ಲಿ ಮಾಡಿದ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಜೀಪುಗಳು ಹೊರಟ ಸದ್ದು ಕೇಳಿತು. ತಿರುವಿನಲ್ಲಿ ಏರು ಹತ್ತುವಾಗ ಇಂಜಿನ್ ಗುರುಗುಟ್ಟಿತು, ಆಮೇಲೆ ಏನೂ ಕೇಳಲಿಲ್ಲ.

ಸಂಜೆ ಬಾಗಿಲು ತೆಗೆದಾಗ ಲೈನು ಖಾಲಿಯಾಗಿತ್ತು. ಮೂರು ಮನೆಯವರಿಗೆ ಬಿಡುಗಡೆ ಪತ್ರ ಕೊಟ್ಟು ಕರೆದುಕೊಂಡು ಹೋಗಿದ್ದರು. ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು, ಅವ್ವನ ಹೆಸರಿತ್ತು, ನನ್ನದಿರಲಿಲ್ಲ. ನನಗೆ ಬೇರೆಯೇ ಒಂದು ಕಾಗದ ಇದೆ ಎಂದು ಆಗ ಗೊತ್ತಾಯಿತು. ಅಯ್ಯ ಅದನ್ನು ಬಂದವರಿಗೆ ತೋರಿಸಿದ್ದರಂತೆ. ಊಟದ ಮೇಜಿನ ಹತ್ತಿರ ಅದನ್ನು ಮಡಚಿಡುತ್ತಾ ನನ್ನನ್ನು ಕರೆದು ಹೇಳಿದರು.

"ನಿನ್ನಪ್ಪನೇ ಹೆಬ್ಬೆಟ್ಟು ಒತ್ತಿದಾನೆ ಮಗಾ. ಹದಿನೆಂಟು ತುಂಬೋ ತನಕ ನಾವು ನಿಂಗೆ ಹೊಲಿಗೆ ಕಲ್ಸಿ, ಊಟ ಬಟ್ಟೆ ಕೊಟ್ಟು ಸಾಕ್ಬೇಕು ಅಂತ. ನೀನು ಕೂಲಿಯವಳಲ್ಲ. ಕಸುಬು ಕಲಿಯೋಕೆ ಬಂದವಳು. ನಡುವೆ ಬಿಟ್ಟು ಹೋದ್ರೆ ಮಾತಿಗೆ ತಪ್ಪಿದ ಅಂತ ನಿನ್ನಪ್ಪನ್ನ ಜೈಲಿಗೆ ಹಾಕ್ತಾರೆ. ಹೆದರ್ಬೇಡ. ನೀನಿಲ್ಲಿದ್ರೆ ಏನೂ ಆಗಲ್ಲ."

ಆ ಹೆಬ್ಬೆಟ್ಟು ರೇಷನ್ ಕಾರ್ಡಿಗೆ ಎಂದು ಹೇಳಿ ಒತ್ತಿಸಿಕೊಂಡದ್ದು ಅಂತ ಅಪ್ಪ ನನಗೆ ಹೇಳಿದ್ದು ಎಷ್ಟೋ ತಿಂಗಳ ನಂತರ. ಅವತ್ತು ನಾನು ನಂಬಿದೆ. ಅಪ್ಪ ನನ್ನನ್ನು ಬರೆದುಕೊಟ್ಟಿದ್ದಾನೆ ಎಂಬ ಸಂಕಟ ಒಂದು ಕಡೆ, ನಾನು ತಪ್ಪಿದರೆ ಅಪ್ಪ ಜೈಲಿಗೆ ಹೋಗುತ್ತಾನೆ ಎಂಬ ದಿಗಿಲು ಇನ್ನೊಂದು ಕಡೆ. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕೆಲಸ ಮಾಡಿದೆ. ಲೈನಿನವರು ಹೋದ ಮೇಲೆ ಕೆಲಸ ಎರಡರಷ್ಟಾಯಿತು. ಕೊಯ್ಲಿಗೆ ಹೊರಗಿನಿಂದ ಆಳುಗಳು ಬಂದರು. ಅವರಿಗೆ ನನ್ನ ಜೊತೆ ಮಾತಾಡಬೇಡಿ ಎಂದು ಹೇಳಲಾಗಿತ್ತು. ಬೆಳಿಗ್ಗೆ ಮಂಜು ಎಷ್ಟು ಕವಿದಿರುತ್ತಿತ್ತೆಂದರೆ ಅಂಗಳದಾಚೆಯ ಕಾಫಿ ಕಣವೇ ಕಾಣುತ್ತಿರಲಿಲ್ಲ. ಆ ಬಿಳುಪಿನೊಳಗಿಂದ ಅವ್ವ ಬರುತ್ತಾಳೆ ಎಂದು ದಿನಾ ಅನ್ನಿಸುತ್ತಿತ್ತು, ಬಂದುಬಿಟ್ಟರೆ ಏನು ಗತಿ ಎಂದು ಬೇಗ ಒಳಗೆ ಹೋಗುತ್ತಿದ್ದೆ.

ಅವ್ವ ಬಂದಳು. ಅಪ್ಪನಿಗೂ ಅವ್ವನಿಗೂ ಎನ್.ಆರ್. ಪುರದ ಆಚೆ, ಭದ್ರಾ ಹಿನ್ನೀರಿನ ಕಡೆಯ ಒಂದು ಕಾಲೊನಿಯಲ್ಲಿ ಜಾಗ ಕೊಟ್ಟಿದ್ದರು. ಅಲ್ಲಿನ ಅಂಗನವಾಡಿಯ ಶಾರದಾ ಟೀಚರ್ ಹತ್ತಿರ ಅವ್ವ ಅರ್ಜಿ ಬರೆಸಿ, ಮಕ್ಕಳ ಕಲ್ಯಾಣ ಸಮಿತಿ ಎಂಬುದೊಂದು ಇದೆ ಎಂದು ಕೇಳಿಕೊಂಡು, ಬಸ್ಸು ಹತ್ತಿ ಇಳಿದು, ಯಾವ ಯಾವ ಆಫೀಸಿನ ಮೆಟ್ಟಿಲಲ್ಲೋ ಕೂತು, ಕಡೆಗೆ ಒಬ್ಬ ಅಧಿಕಾರಿಯನ್ನು ತೋಟಕ್ಕೆ ಕರೆದುಕೊಂಡು ಬಂದಳು.

ಅವರು ಬರುತ್ತಾರೆಂದು ಅಯ್ಯನಿಗೆ ಹಿಂದಿನ ದಿನವೇ ಗೊತ್ತಾಗಿತ್ತು. ಮಧ್ಯಾಹ್ನ ಪಿಕಪ್ಪಿನಲ್ಲಿ ಒಂದು ಹಳೆಯ ಹೊಲಿಗೆ ಮೆಷಿನ್ ಬಂತು. ಜಗುಲಿಯ ಮೂಲೆಯಲ್ಲಿ ಇಟ್ಟರು. ತುಕ್ಕು ಕಾಣಬಾರದೆಂದು ನನ್ನ ಕೈಯಲ್ಲೇ ಎಣ್ಣೆ ಬಿಡಿಸಿ ಉಜ್ಜಿಸಿದರು. ಬೆರಳ ಸಂದಿಯಲ್ಲೆಲ್ಲ ಎಣ್ಣೆ. ಅಮ್ಮಾವರು ಸ್ಟೂಲಿನ ಮೇಲೆ ಕೂರಿಸಿ, "ಕಾಲು ಹೀಗೆ ಆಡ್ಸು. ಅವ್ರು ಬಂದಾಗ ಆಡಿಸ್ತಾ ಇರು. ಕೇಳಿದ್ರೆ ಇಲ್ಲೇ ಇರ್ತೀನಿ ಅನ್ನು. ಎಲ್ಲಿ, ಹೇಳು?" ಎಂದರು.

"ಇಲ್ಲೇ ಇರ್ತೀನಿ."

"ನಗ್ತಾ ಹೇಳು."

ಮಾರನೆಯ ದಿನ ಅಧಿಕಾರಿ ಜಗುಲಿಯ ಕುರ್ಚಿಯಲ್ಲಿ ಕೂತರು. ಅಮ್ಮಾವರು ಕಾಫಿ ಕೊಟ್ಟರು. ಅವ್ವ ಮೆಟ್ಟಿಲ ಕೆಳಗೆ ಅಂಗಳದಲ್ಲಿ ನಿಂತಿದ್ದಳು. ಮೇಲೆ ಹತ್ತಿ ಬಾ ಎಂದು ಯಾರೂ ಅನ್ನಲಿಲ್ಲ, ಅವಳೂ ಹತ್ತಲಿಲ್ಲ. ತಿಂಗಳಲ್ಲೇ ಬಡವಾಗಿದ್ದಳು. ನಾನು ಕಾಲು ಆಡಿಸುತ್ತಿದ್ದೆ. ಬಟ್ಟೆಯಿಲ್ಲದ ಮೆಷಿನ್ ಗಡಗಡ ಓಡುತ್ತಿತ್ತು.

"ಇಲ್ಲಿ ಹೊಡೀತಾರೇನಮ್ಮ?"

"ಇಲ್ಲ."

"ಊಟ ಸರಿಯಾಗಿ ಕೊಡ್ತಾರಾ?"

"ಹೂಂ."

"ತಾಯಿ ಜೊತೆ ಹೋಗ್ತೀಯೋ, ಇಲ್ಲೇ ಇರ್ತೀಯೋ?"

ಅಯ್ಯ ನನ್ನ ಹಿಂದೆ ನಿಂತಿದ್ದರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

"ಇಲ್ಲೇ ಇರ್ತೀನಿ" ಅಂದೆ. ನಗಲೂ ನಕ್ಕೆ.

ಅಧಿಕಾರಿ ಬರೆದುಕೊಂಡರು. ಅವ್ವ ಅಳಲಿಲ್ಲ, ಬೈಯಲಿಲ್ಲ. ನನ್ನನ್ನೇ ನೋಡಿದಳು. ಸಂತೆಯಲ್ಲಿ ಕೈ ತಪ್ಪಿದ ಮಗು ಅದೋ ಅಲ್ಲವೋ ಎಂದು ನೋಡುವ ಹಾಗೆ. ಆಮೇಲೆ, "ಹೊಟ್ಟೆ ತುಂಬ ಉಣ್ಣು ಮಗಾ" ಎಂದು ತಿರುಗಿ ನಡೆದಳು. ಅವಳ ಕಾಲಿಗೆ ಚಪ್ಪಲಿ ಇರಲಿಲ್ಲ. ಕಾಫಿ ಕಣ ದಾಟುವ ತನಕ ನೋಡಿದೆ. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ನಾನಿನ್ನು ಅವಳಿಗೆ ಬೇಡವಾದೆ ಎಂದುಕೊಂಡೆ.

ಅವತ್ತೇ ಸಂಜೆ ಮೆಷಿನ್ನಿಗೆ ಗೋಣಿ ಮುಚ್ಚಿದರು. ನಾನು ಮತ್ತೆ ಪಾತ್ರೆಗೆ ಕೂತೆ.

ಸಂಕ್ರಾಂತಿ ಹತ್ತಿರ ಬಂದಾಗ ಒಂದು ದಿನ ಅನ್ನ ಬಡಿಸುತ್ತಿದ್ದವಳಿಗೆ ಗಂಡ ಹೆಂಡತಿಯ ಮಾತು ಕಿವಿಗೆ ಬಿತ್ತು. ಅಯ್ಯನ ತಂಗಿ ಮಂಗಳೂರಿನ ಕಡೆ ಇದ್ದಳು. ಹೆರಿಗೆಗೆ ದಿನ ಹತ್ತಿರವಾಗಿತ್ತು.

"ಕೊಯ್ಲು ಮುಗಿದ ಕೂಡ್ಲೇ ಇವಳನ್ನ ಅಲ್ಲಿಗೆ ಬಿಟ್ಟು ಬರೋಣ. ಅಲ್ಲಾದ್ರೆ ಯಾವ ಅರ್ಜಿಯವರೂ ಬರಲ್ಲ" ಎಂದರು ಅಮ್ಮಾವರು.

"ಹೂಂ. ಯಾರಿಗೂ ಹೇಳೋದು ಬೇಡ" ಎಂದರು ಅಯ್ಯ.

ಸೌಟು ನನ್ನ ಕೈಯಲ್ಲೇ ಇತ್ತು, ಅನ್ನ ಬಡಿಸಿದೆ, ಸಾರು ಬಡಿಸಿದೆ. ಮಂಗಳೂರು ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಅವ್ವ ಬೇಡವೆಂದು ಹೋಗಿದ್ದರೂ ಆ ಕಾಫಿ ಕಣದ ದಾರಿ ಅವಳಿಗೆ ಗೊತ್ತಿತ್ತಲ್ಲ. ಇನ್ನು ಅದೂ ಇರುವುದಿಲ್ಲ. ಅವತ್ತಿನಿಂದ ಕಣದಲ್ಲಿ ಒಣಗುವ ಹಣ್ಣು ಕಡಿಮೆಯಾಗುವುದನ್ನು ನೋಡುವುದೇ ನನ್ನ ಕೆಲಸವಾಯಿತು. ರಾಶಿ ಸಣ್ಣದಾದಷ್ಟೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ಓಡಿಹೋಗಬಹುದಿತ್ತು ಎಂದು ಈಗ ಯಾರಾದರೂ ಹೇಳಬಹುದು. ಎಲ್ಲಿಗೆ? ನಾನು ಓಡಿದರೆ ಅಪ್ಪ ಜೈಲಿಗೆ. ಆ ಮಾತು ನನ್ನನ್ನು ಚಿಲಕಕ್ಕಿಂತ ಗಟ್ಟಿಯಾಗಿ ಹಿಡಿದಿತ್ತು.

ಆದರೆ ಅವ್ವ ಸುಮ್ಮನಿರಲಿಲ್ಲ. ತಿರುಗಿ ನೋಡದೆ ಹೋದವಳು ನೇರವಾಗಿ ಶಾರದಾ ಟೀಚರ್ ಹತ್ತಿರ ಹೋಗಿ, "ನನ್ ಮಗಳು ನಕ್ಕಳು ಟೀಚರ್. ಅವಳು ನಗೋದು ಹಾಗಲ್ಲ. ಇನ್ನೊಂದು ಅರ್ಜಿ ಬರ್ಕೊಡಿ" ಎಂದಿದ್ದಳಂತೆ. ಇದನ್ನು ಶಾರದಾ ಟೀಚರ್ ನನಗೆ ಆಮೇಲೆ ಹೇಳಿದರು.

ಹಾಗಾಗಿ ಜನವರಿಯ ಕೊನೆಗೆ ಕೊಪ್ಪಕ್ಕೆ ಕರೆ ಬಂತು. ಸಮಿತಿಯವರು ಅವತ್ತು ಕೊಪ್ಪದಲ್ಲೇ ಕೂರುತ್ತಾರೆ, ಹುಡುಗಿಯನ್ನು ಕರೆತನ್ನಿ ಎಂದು. ಜೀಪಿನಲ್ಲಿ ಅಯ್ಯ ಮತ್ತು ಅಮ್ಮಾವರ ನಡುವೆ ನನ್ನನ್ನು ಕೂರಿಸಿದರು. ಹೊಸ ಲಂಗ, ತಲೆಗೆ ಎಣ್ಣೆ, ಹೂವು. ದಾರಿಯುದ್ದಕ್ಕೂ ಅಯ್ಯ ಎರಡೇ ಮಾತಾಡಿದರು. "ಹೋದ ಸಲ ಚೆನ್ನಾಗಿ ಹೇಳಿದೆ ಮಗಾ. ಹಾಗೇ ಹೇಳು."

ಆಫೀಸಿನ ಹಜಾರದಲ್ಲಿ ಅಪ್ಪ ಅವ್ವ ಗೋಡೆಗೆ ಒರಗಿ ನಿಂತಿದ್ದರು. ಅಯ್ಯನನ್ನು ಕಂಡದ್ದೇ ಅಪ್ಪನ ಕೈ ತಾನಾಗಿ ಹೆಗಲ ಟವಲಿಗೆ ಹೋಯಿತು. ಅದನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ. ಅಪ್ಪ ನನ್ನನ್ನು ನೋಡಲೇ ಇಲ್ಲ.

ಒಳಗೆ ದಪ್ಪ ಕನ್ನಡಕದ ಒಬ್ಬ ಮೇಡಂ ಇದ್ದರು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಅಮ್ಮಾವರು, "ಮಗು ಒಬ್ಬಳೇ ಹೆದರ್ಕೊಳ್ತಾಳೆ ಮೇಡಂ" ಎಂದಾಗ, "ನಾನಿದೀನಲ್ಲ" ಎಂದರು ಅಷ್ಟೇ. ನನಗೆ ನೀರು ಕೊಟ್ಟರು. ಹೋದ ಸಲದ ಪ್ರಶ್ನೆಗಳನ್ನೇ ಕೇಳಿದರು. ನಾನು ಹೋದ ಸಲದ ಉತ್ತರಗಳನ್ನೇ ಕೊಟ್ಟೆ, ನಗುವನ್ನೂ ಸೇರಿಸಿ.

"ಎಷ್ಟು ದಿನದಿಂದ ಹೊಲಿಗೆ ಕಲೀತಿದೀಯ?"

"ಎರಡು ವರ್ಷ."

"ಒಳ್ಳೇದು. ಬಾ ಹಾಗಾದ್ರೆ."

ಪಕ್ಕದ ಕೋಣೆಯಲ್ಲಿ ಹೆಂಗಸರಿಗೆ ಹೊಲಿಗೆ ಹೇಳಿಕೊಡುವ ತರಗತಿ ನಡೆಯುತ್ತಿತ್ತು. ಅವತ್ತು ಯಾರೂ ಇರಲಿಲ್ಲ, ನಾಲ್ಕು ಮೆಷಿನ್ ಸಾಲಾಗಿದ್ದವು. ಒಂದರ ಮುಂದೆ ನನ್ನನ್ನು ಕೂರಿಸಿ, ಕೆಂಪು ದಾರದ ಉಂಡೆಯೊಂದನ್ನು ಕೈಗೆ ಕೊಟ್ಟರು. "ಸೂಜಿಗೆ ದಾರ ಪೋಣ್ಸು ನೋಡೋಣ."

ದಾರದ ತುದಿಯನ್ನು ಎಂಜಲು ಮಾಡಿ ಹೊಸೆದೆ. ಕೈಸೂಜಿಯಲ್ಲಿ ಗುಂಡಿ ಹಚ್ಚುವುದು ನನಗೆ ಬರುತ್ತಿತ್ತು. ಸೂಜಿಯ ಮೇಲ್ಗಡೆ ಕಣ್ಣು ಹುಡುಕಿದೆ. ಸಿಗಲಿಲ್ಲ. ಬಗ್ಗಿ ನೋಡಿದೆ, ಬೆಳಕಿಗೆ ತಿರುಗಿ ನೋಡಿದೆ. ಮೇಲೆ ಕಬ್ಬಿಣದ ಹಿಡಿಕೆಯೊಳಗೆ ಸೂಜಿ ಹೊಕ್ಕಿತ್ತು, ಅಲ್ಲಿ ಕಣ್ಣೇ ಇರಲಿಲ್ಲ. ದಾರ ಜಾರಿ ಬಿತ್ತು, ಎತ್ತಿಕೊಂಡೆ, ಮತ್ತೆ ಹುಡುಕಿದೆ. ಮೆಷಿನ್ನಿನ ಸೂಜಿಗೆ ಕಣ್ಣಿರುವುದು ಕೆಳಗೆ, ಮೊನೆಯ ಹತ್ತಿರ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷ ಹೊಲಿಗೆ ಕಲಿತವಳು ನಾನು. ಇನ್ನು ಎಲ್ಲ ಮುಗಿಯಿತು, ಸುಳ್ಳು ಹೇಳಿದ್ದು ಗೊತ್ತಾಯಿತು, ಈಗಲೇ ಅಪ್ಪನನ್ನು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ.

ಮೇಡಂ ನನ್ನ ಕೈಯಿಂದ ಮೆಲ್ಲಗೆ ದಾರ ತೆಗೆದುಕೊಂಡರು. ನನ್ನ ಅಂಗೈ ಬಿಡಿಸಿ ನೋಡಿದರು. ಬೂದಿ ಹಿಡಿದು ಒಡೆದ ಕೈ.

"ಬೈಯಲ್ಲ. ಬೆಳಿಗ್ಗೆ ಎದ್ದು ಮೊದ್ಲು ಎಂತ ಮಾಡ್ತೀಯ, ಅದನ್ನ ಹೇಳು."

"ಒಲೆ ಬೂದಿ ತೆಗೀತೀನಿ."

"ಆಮೇಲೆ?"

ಆಮೇಲೆ, ಆಮೇಲೆ ಎಂದು ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಕೊಟ್ಟಿಗೆ, ನೀರು, ಬಟ್ಟೆ, ಮೂಟೆಗಳ ನಡುವಿನ ಚಾಪೆ, ಚಿಲಕ, ಹೊರಗೆ ಅವ್ವ ಕೂಗಿದ್ದು, ಮಂಗಳೂರು. ಹೇಳುತ್ತಿರುವುದು ನಾನೇ ಎಂದು ಗೊತ್ತಾಗುವಷ್ಟರಲ್ಲಿ ಎಲ್ಲ ಹೇಳಿಬಿಟ್ಟಿದ್ದೆ. ಕೊನೆಗೆ ಕೇಳಿದೆ, "ಅಪ್ಪನ್ನ ಜೈಲಿಗೆ ಹಾಕ್ತಾರಾ?"

"ಯಾಕೆ?"

"ಹೆಬ್ಬೆಟ್ಟು ಒತ್ತಿದಾನೆ. ಹದಿನೆಂಟು ತುಂಬೋ ತನಕ ಅಂತ."

ಮೇಡಂ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು, ಬಹಳ ಹೊತ್ತು ಒರೆಸಿದರು. "ಮಕ್ಕಳನ್ನ ಯಾರೂ ಬರ್ಕೊಡೋ ಹಾಗಿಲ್ಲ ಕಣೆ. ಅಪ್ಪನಿಗೂ ಆ ಹಕ್ಕಿಲ್ಲ. ಆ ಕಾಗದಕ್ಕೆ ಬೆಲೆಯಿಲ್ಲ. ಈಗ ಹೇಳು, ಯಾರ ಜೊತೆ ಹೋಗ್ತೀಯ?"

ಬಾಗಿಲಾಚೆ ಅಪ್ಪ ಅವ್ವ ನಿಂತಿದ್ದ ಕಡೆ ಕೈ ತೋರಿಸಿದೆ.

ಸಹಿ, ಸೀಲು ಎಲ್ಲ ಆಯಿತು. ಹೊರಡುವಾಗ ಅಯ್ಯ ನನ್ನ ತಲೆಯ ಮೇಲೆ ಕೈಯಿಟ್ಟು, "ಬರ್ತೀನಿ ಮಗಾ" ಎಂದರು. ಬರ್ತೀನಿ ಅಂದದ್ದು ಹೋಗಿ ಬರುತ್ತೇನೆ ಎಂದೋ, ಬಂದೇ ಬರುತ್ತೇನೆ ಎಂದೋ? ಎನ್.ಆರ್. ಪುರದ ಬಸ್ಸಿನಲ್ಲಿ ಅವ್ವನ ತೊಡೆಗೆ ಮುಖ ಹುದುಗಿಸಿ ಅದನ್ನೇ ಯೋಚಿಸುತ್ತಿದ್ದೆ. ಹಿಂದಿನಿಂದ ಹಾರನ್ ಕೇಳಿದಾಗಲೆಲ್ಲ ಅವ್ವನ ತೊಡೆ ಬಿಗಿಯಾಗುತ್ತಿತ್ತು. ಅವಳಿಗೂ ಅದೇ ಯೋಚನೆ.

ಹೊಸ ಮನೆಯೆಂದರೆ ಒಂದೇ ಕೋಣೆ, ಶೀಟಿನ ಮಾಡು, ಎದುರಿಗೆ ದೂರದಲ್ಲಿ ಹಿನ್ನೀರು. ಮೂರು ವಾರ ನಾನು ಹೊಸಿಲು ದಾಟಲಿಲ್ಲ. ಶಾರದಾ ಟೀಚರ್ ಶಾಲೆಗೆ ಕಳಿಸಿ ಎಂದು ದಿನಾ ಹೇಳುತ್ತಿದ್ದರು. ಹೆಡ್‌ಮಾಸ್ಟರ ಹತ್ತಿರವೂ ಮಾತಾಡಿದ್ದರು. ನಾನು ಒಲ್ಲೆ ಅಂದೆ. ಶಾಲೆ ಡಾಂಬರು ರಸ್ತೆಯ ಪಕ್ಕದಲ್ಲಿತ್ತು, ರಸ್ತೆಯಲ್ಲಿ ಜೀಪುಗಳು ಓಡಾಡುತ್ತವೆ. ಅಪ್ಪ ಅವ್ವನೂ ಒತ್ತಾಯ ಮಾಡಲಿಲ್ಲ. ಒಬ್ಬರು ಕೂಲಿಗೆ ಹೋದರೆ ಇನ್ನೊಬ್ಬರು ನನ್ನ ಕಾವಲಿಗೆ ಇರುತ್ತಿದ್ದರು.

ಶಿವರಾತ್ರಿಗೆ ಮೂರ್ನಾಲ್ಕು ದಿನ ಇತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಸುಮಾರು ಹನ್ನೊಂದು ಗಂಟೆ. ಇಂಜಿನ್ ಸದ್ದಿನಲ್ಲೇ ನನಗೆ ಗುರುತು ಸಿಕ್ಕಿತು. ಅವ್ವ ಮಾತಾಡದೆ ನನ್ನನ್ನು ಮೂಲೆಗೆ ತಳ್ಳಿ, ಮೇಲೆ ಕಂಬಳಿ ಎಳೆದು, ಅದರ ಮುಂದೆ ಮೊರ ಹಿಡಿದು ಅಕ್ಕಿ ಆರಿಸುವವಳ ಹಾಗೆ ಕೂತಳು. ಮೊರದಲ್ಲಿ ಅಕ್ಕಿ ಇರಲಿಲ್ಲ. ಅಪ್ಪ ಬಾಗಿಲಿಗೆ ಹೋಗಿ ನಿಂತ.

"ಏನೋ ಮಂಜ, ಚೆನ್ನಾಗಿದೀಯ?" ಅಯ್ಯನ ದನಿ, ಅದೇ ಮೆತ್ತಗಿನ ದನಿ.

"ಹೂಂ."

"ಹಳೇದೆಲ್ಲ ಬಿಟ್ಟಾಕು ಮಾರಾಯ. ತಂಗಿಗೆ ಹೆರಿಗೆ ಆಗಿದೆ. ಹುಡುಗೀನ ಒಂದು ಎರಡು ತಿಂಗಳು ಕಳ್ಸು. ಮಳೆಗಾಲಕ್ಕೆ ನಾನೇ ತಂದು ಬಿಡ್ತೀನಿ. ಎಲ್ಲಿದಾಳೆ, ಕರಿ."

ಅಪ್ಪ ಹುಟ್ಟಿದಾಗಿನಿಂದ ಆ ಮನೆಯವರಿಗೆ ಇಲ್ಲ ಎಂದವನಲ್ಲ. ಕಂಬಳಿಯ ಸಂದಿಯಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು. ಕಾಲಬೆರಳು ಹೊಸಿಲನ್ನು ಒತ್ತಿ ಹಿಡಿದಿತ್ತು. ಇನ್ನೇನು ಪಕ್ಕಕ್ಕೆ ಸರಿಯುತ್ತಾನೆ, ಟವಲು ಕಂಕುಳಿಗೆ ಹೋಗುತ್ತದೆ ಎಂದುಕೊಂಡೆ.

"ಅವಳಿಲ್ಲ" ಎಂದ ಅಪ್ಪ. "ಶಾಲೆಗೆ ಹೋಗಿದಾಳೆ."

"ಶಾಲೆಗಾ? ಯಾವಾಗ್ನಿಂದ?"

"ದಿನಾ ಹೋಗ್ತಾಳೆ. ಇನ್ನೂ ಹೋಗ್ತಾಳೆ. ನೀವು ಹೋಗಿ." ಅಯ್ಯ ಎಂಬ ಮಾತನ್ನು ಅವನು ಸೇರಿಸಲಿಲ್ಲ.

ಅಯ್ಯ ಒಳಗೆ ಇಣುಕಿದರು. ಅವ್ವ ಖಾಲಿ ಮೊರವನ್ನು ಕೇರುತ್ತಲೇ ಇದ್ದಳು. ಕಂಬಳಿಯೊಳಗೆ ನಾನು ಉಸಿರು ಹಿಡಿದಿದ್ದೆ. ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳಿಂದ ಜನ ಹೊರಗೆ ಬಂದು ನೋಡತೊಡಗಿದ್ದರು. ಅಯ್ಯ ಅವರನ್ನೆಲ್ಲ ಒಂದು ಸಲ ನೋಡಿ ಜೀಪು ಹತ್ತಿದರು.

ಸದ್ದು ಪೂರ್ತಿ ಅಡಗಿದ ಮೇಲೆ ಅಪ್ಪ ಹೊಸಿಲ ಮೇಲೆಯೇ ಕುಸಿದು ಕೂತ. ಅವ್ವ ನೀರು ಕೊಟ್ಟಳು. ಅರ್ಧ ಮೈಮೇಲೆ ಚೆಲ್ಲಿತು. ಆಮೇಲೆ ನನ್ನ ಕಂಬಳಿ ಎಳೆದು ತೆಗೆದ.

"ಏಳು."

"ಎಲ್ಲಿಗೆ?"

"ಶಾಲೆಗೆ. ಸುಳ್ಳು ಹೇಳಿಬಿಟ್ಟೆ. ಅವ್ರು ಅಲ್ಲಿಗೆ ಹೋಗಿ ಕೇಳೋದ್ರೊಳಗೆ ಅದನ್ನ ನಿಜ ಮಾಡ್ಬೇಕು."

ತಲೆ ಬಾಚಲೂ ಬಿಡಲಿಲ್ಲ. ನನ್ನ ಕೈ ಹಿಡಿದು ಗದ್ದೆ ಅಂಚಿನ ಅಡ್ಡದಾರಿಯಲ್ಲಿ ಅರ್ಧ ಓಡುತ್ತಾ ಕರೆದುಕೊಂಡು ಹೋದ. ನಾವು ಮುಟ್ಟುವಾಗ ಮಕ್ಕಳು ಮಧ್ಯಾಹ್ನದ ಊಟಕ್ಕೆ ಸಾಲು ನಿಲ್ಲುತ್ತಿದ್ದರು. ಅಪ್ಪ ಹೆಡ್‌ಮಾಸ್ಟರ ಎದುರು ಕೈಮುಗಿದು ಏನು ಹೇಳಬೇಕೋ ತಿಳಿಯದೆ, "ಇವಳು ಇಲ್ಲೇ ಇದ್ಲು ಅಂತ ಮಾಡಿ ಸಾರ್" ಎಂದ. ಅವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಹೆಸರು ಕೇಳಿದರು, ಬರೆದುಕೊಂಡರು, "ಹೋಗು, ತಟ್ಟೆ ತಗೊಂಡು ಸಾಲಿನಲ್ಲಿ ನಿಂತ್ಕೋ" ಎಂದರು.

ಊಟದ ನಂತರ ನನಗಿಂತ ಚಿಕ್ಕವರ ತರಗತಿಯಲ್ಲಿ, ಕಿಟಕಿಯ ಪಕ್ಕ ಕೂರಿಸಿದರು. ಟೀಚರ್ ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ. ಗಾಡಿಯ ಸದ್ದಾದಾಗಲೆಲ್ಲ ಮೇಜನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಹಾಗೊಮ್ಮೆ ಹಿಡಿದುಕೊಂಡು ಹೊರಗೆ ನೋಡಿದೆ. ಅಪ್ಪ ಮನೆಗೆ ಹೋಗಿರಲಿಲ್ಲ. ಗೇಟಿನ ಹೊರಗೆ, ಉರಿಬಿಸಿಲಲ್ಲಿ, ಮೋರಿಯ ಕಟ್ಟೆಯ ಮೇಲೆ ಕೂತಿದ್ದ. ಬೆನ್ನು ಶಾಲೆಯ ಕಡೆಗೆ, ಮುಖ ರಸ್ತೆಯ ಕಡೆಗೆ. ಸಂಜೆ ಗಂಟೆ ಹೊಡೆಯುವ ತನಕ ಅವನು ಕದಲಲಿಲ್ಲ.